ಒಂದೇ ಓಲೆಗ್ರಂಥ, ನೂರಾರು ಓದು: ಜೀವಕೋಶ ತಾನೇನಾಗಬೇಕೆಂದು ಅರಿಯುವ ಬಗೆ

2023ರ ನವೆಂಬರ್ 16ರಂದು ಬ್ರಿಟನ್, ಮೂರು ವಾರ ಕಳೆದು ಡಿಸೆಂಬರ್ 8ರಂದು ಅಮೆರಿಕ, ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಕ್ರಿಸ್ಪರ್ ಎಂಬ ಆಣ್ವಿಕ ಕತ್ತರಿಯಿಂದ ಡಿಎನ್‌ಎ ತಿದ್ದಿ ಮಾಡುವ ಚಿಕಿತ್ಸೆಗೆ ಸಿಕ್ಕ ಮೊದಲ ಪರವಾನಗಿ ಅದು. ಕಾಯಿಲೆಯ ಹೆಸರು ಕುಡಗೋಲು ಕಣ ರಕ್ತಹೀನತೆ. ಆಸ್ಪತ್ರೆಗಳಲ್ಲಿ ಅದನ್ನು ಸಿಕಲ್ ಸೆಲ್ ಎನ್ನುತ್ತಾರೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು ಕೊಡುತ್ತವೆ. ಭಾರತದಲ್ಲಿ ಈ ರೋಗ ಮೊದಲು ಗುರುತಿಗೆ ಬಂದದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಹೊಂದಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ.

ಸುದ್ದಿಯನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿರಬೇಕು. ಈ ರೋಗದಲ್ಲಿ ಕೆಟ್ಟಿರುವುದು ಹಿಮೋಗ್ಲೋಬಿನ್ನಿನ ಜೀನ್. ಚಿಕಿತ್ಸೆಯ ಕತ್ತರಿ ಆ ಜೀನನ್ನು ಮುಟ್ಟುವುದೇ ಇಲ್ಲ. ಅದು ಕತ್ತರಿಸುವುದು ಬೇರೊಂದು ವರ್ಣತಂತುವಿನ ಮೇಲಿರುವ ಬಿಸಿಎಲ್11ಎ ಎಂಬ ಜೀನಿನಲ್ಲಿ, ಅದರಲ್ಲಿಯೂ ಪ್ರೋಟೀನಿಗೆ ಸಂಬಂಧವೇ ಇಲ್ಲದ ಒಂದು ತುಣುಕನ್ನು. ಇದೇಕೆ ಹೀಗೆ ಎಂದು ಅರಿಯಬೇಕಾದರೆ ರಕ್ತದಿಂದ ಸ್ವಲ್ಪ ಹೊತ್ತು ದೂರ ಹೋಗಬೇಕು. ಒಂದೇ ಅಂಡದಿಂದ ಕಣ್ಣು, ಉಗುರು, ಯಕೃತ್ತು, ನರ ಎಲ್ಲವೂ ಹೇಗಾಗುತ್ತವೆ ಎಂಬ ಹಳೆಯ ಪ್ರಶ್ನೆಗೆ ಮರಳಬೇಕು.

ಎಲ್ಲ ಕೋಶಗಳಲ್ಲೂ ಅದೇ ಗ್ರಂಥ

ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ ಎಂಬುದು ಒಂದು ಅಂದಾಜು. ಅವೆಲ್ಲವೂ ಒಂದೇ ಒಂದು ಫಲಿತ ಅಂಡದ ಸಂತತಿ. ಆ ಅಂಡದಲ್ಲಿದ್ದ ಡಿಎನ್‌ಎ ಪ್ರತಿ ವಿಭಜನೆಯಲ್ಲೂ ನಕಲಾಗಿ ಎರಡೂ ಮರಿಕೋಶಗಳಿಗೆ ಹೋಗುತ್ತದೆ. ಡಿಎನ್‌ಎ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಮನುಷ್ಯನಲ್ಲಿ ಇದರ ಉದ್ದ ಸುಮಾರು 300 ಕೋಟಿ ಅಕ್ಷರ. ಅದರೊಳಗೆ ಅಲ್ಲಲ್ಲಿ, ಒಂದೊಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ಹೇಳುವ ಭಾಗಗಳು ಬರುತ್ತವೆ. ಅವೇ ಜೀನ್‌ಗಳು, ಸುಮಾರು 20,000. ಪ್ರೋಟೀನ್‌ಗಳೇ ಕೋಶದ ದುಡಿಮೆಗಾರರು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸ್ನಾಯುವನ್ನು ಸೆಳೆಯುವ ಮಯೋಸಿನ್, ಕಣ್ಣಿನ ಮಸೂರವನ್ನು ಪಾರದರ್ಶಕವಾಗಿಡುವ ಕ್ರಿಸ್ಟಲಿನ್, ಎಲ್ಲವೂ ಪ್ರೋಟೀನ್‌ಗಳೇ.

ಕಣ್ಣಿನ ಕೋಶ ಹಿಮೋಗ್ಲೋಬಿನ್ ಮಾಡುವುದಿಲ್ಲ. ಹಾಗಾದರೆ ತನಗೆ ಬೇಡದ ಜೀನ್‌ಗಳನ್ನು ಅದು ಬೆಳೆಯುತ್ತ ಬಿಸಾಡಿತೇ? ಒಂದು ಕಾಲದಲ್ಲಿ ಹಾಗೆ ಊಹಿಸಿದ್ದವರಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಆಫ್ರಿಕದ ಕಪ್ಪೆಯೊಂದರ ಮರಿಯ ಕರುಳಿನ ಕೋಶದಿಂದ ಕೋಶಕೇಂದ್ರವನ್ನು ತೆಗೆದು, ತನ್ನ ಕೇಂದ್ರವನ್ನು ಕಳೆದುಕೊಂಡ ಅಂಡದೊಳಗೆ ಇಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬಹುತೇಕ ಅಂಡಗಳು ಸತ್ತವು. ಕೆಲವು ಮಾತ್ರ ಈಜುವ ಮರಿಗಳಾದವು. ಆ ಕೆಲವೇ ಸಾಕಾಗಿತ್ತು. ಕರುಳಿನ ಕೋಶದಲ್ಲಿ ಕಣ್ಣಿನ ಪಾಠವೂ ಕಾಲಿನ ಪಾಠವೂ ಅಳಿಯದೆ ಉಳಿದಿವೆ ಎಂದು ಅವು ತೋರಿಸಿಕೊಟ್ಟವು. (ಅಪವಾದಗಳಿವೆ. ನಮ್ಮ ಬಲಿತ ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನೇ ಹೊರಹಾಕುತ್ತದೆ.)

ಆದ್ದರಿಂದ ವ್ಯತ್ಯಾಸವಿರುವುದು ಗ್ರಂಥದಲ್ಲಲ್ಲ, ಓದಿನಲ್ಲಿ. ಮಠದಲ್ಲಿ ದಾರ ಬಿಗಿದು ಇಟ್ಟ ಓಲೆಗರಿಯ ಕಟ್ಟುಗಳನ್ನು ನೆನೆಯಿರಿ. ಎಲ್ಲ ಕೋಶಗಳಿಗೂ ಅದೇ ಭಂಡಾರ ದಕ್ಕಿದೆ. ಯಾವ ಕಟ್ಟು ಬಿಚ್ಚಿತು, ಯಾವ ಗರಿ ಓದಿಗೆ ಬಂತು ಎಂಬುದರ ಮೇಲೆ ಕೋಶ ಏನೆಂಬುದು ನಿಂತಿದೆ. ಇಲ್ಲಿ ಓದುವುದೆಂದರೆ ಜೀನಿನಲ್ಲಿರುವುದನ್ನು ಆರ್‌ಎನ್‌ಎ ಎಂಬ ತಾತ್ಕಾಲಿಕ ಪ್ರತಿಯಾಗಿ ನಕಲು ಮಾಡುವುದು. ಈ ಕೆಲಸಕ್ಕೆ ಪ್ರತಿಲೇಖನ ಎಂದು ಹೆಸರು. ಈ ಪ್ರತಿಯನ್ನು ನೋಡಿಕೊಂಡೇ ಕೋಶ ಪ್ರೋಟೀನನ್ನು ಕಟ್ಟುತ್ತದೆ.

ಓದಿಸುವವರು, ತಡೆಯುವವರು

ನಕಲು ಮಾಡುವ ಯಂತ್ರದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಅದು ಬರಿಯ ಲಿಪಿಕಾರ. ಯಾವ ಗರಿಯನ್ನು ನಕಲು ಮಾಡಬೇಕೆಂದು ಆರಿಸುವ ಬುದ್ಧಿ ಅದಕ್ಕಿಲ್ಲ. ಆರಿಸಿ ಕೊಡುವವೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು, ಕನ್ನಡದಲ್ಲಿ ಪ್ರತಿಲೇಖನ ಅಂಶಗಳು. ಇವೂ ಪ್ರೋಟೀನ್‌ಗಳೇ. ಮನುಷ್ಯನಲ್ಲಿ ಇಂಥವು ಸುಮಾರು 1,600 ಇವೆ. ಈ ಲೇಖನದಲ್ಲಿ ಅವನ್ನು ನಿಯಂತ್ರಕಗಳು ಎಂದು ಕರೆಯುತ್ತೇನೆ.

ಬಹುಪಾಲು ನಿಯಂತ್ರಕಗಳಿಗೆ ಎರಡು ಮುಖಗಳು. ಒಂದು ಮುಖ ಡಿಎನ್‌ಎ ಮೇಲಿನ ಒಂದು ಪುಟ್ಟ ಪದವನ್ನು ಸವರಿ ಗುರುತಿಸುತ್ತದೆ. ಆ ಪದ ಸಾಮಾನ್ಯವಾಗಿ ಆರರಿಂದ ಹತ್ತು ಅಕ್ಷರಗಳಷ್ಟಿರುತ್ತದೆ. ಇನ್ನೊಂದು ಮುಖ ಲಿಪಿಕಾರನನ್ನು ಹತ್ತಿರ ಕರೆಯುತ್ತದೆ, ಇಲ್ಲವೇ ದೂರ ತಳ್ಳುತ್ತದೆ. ಕರೆಯುವುದು ಪ್ರಚೋದಕ, ತಳ್ಳುವುದು ತಡೆಕಾರ. ಜೀನಿಗೆ ಇಂಥ ಸ್ವಿಚ್ಚುಗಳಿವೆ ಎಂಬುದನ್ನು ಮೊದಲು ತೋರಿಸಿದವರು ಪ್ಯಾರಿಸ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. 1961ರಲ್ಲಿ ಅವರು ಹಿಡಿದದ್ದು ಬ್ಯಾಕ್ಟೀರಿಯವೊಂದು ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಅರಗಿಸುವ ಜೀನ್‌ಗಳನ್ನು ಏಕೆ ತೆರೆಯುತ್ತದೆ ಎಂಬ ಗುಟ್ಟನ್ನು.

ಇಲ್ಲಿ ಒಂದು ತೊಡಕಿದೆ, ಅದನ್ನು ಹಾರಿಸಿ ಮುಂದೆ ಹೋದರೆ ಮಿಕ್ಕದ್ದು ಅರ್ಥವಾಗುವುದಿಲ್ಲ. ಸ್ನಾಯುವಿನ ಒಂದು ಮುಖ್ಯ ನಿಯಂತ್ರಕ ಮಯೋಡಿ. ಅದು ಹುಡುಕುವ ಪದ: ಮೊದಲು ಸಿ ಮತ್ತು ಎ, ನಡುವೆ ಯಾವುದಾದರೂ ಎರಡು ಅಕ್ಷರ, ಕೊನೆಗೆ ಟಿ ಮತ್ತು ಜಿ. ನಾಲ್ಕು ಅಕ್ಷರಗಳು ಮಾತ್ರ ಖಚಿತ. ಲೆಕ್ಕ ಹಾಕಿದರೆ ಇಂಥ ಪದ ಸರಾಸರಿ ಪ್ರತಿ 256 ಅಕ್ಷರಕ್ಕೊಮ್ಮೆ ಕಾಕತಾಳೀಯವಾಗಿ ಬರಬೇಕು. ಎಂದರೆ 300 ಕೋಟಿ ಅಕ್ಷರಗಳಲ್ಲಿ ಒಂದು ಕೋಟಿಗೂ ಹೆಚ್ಚು ಕಡೆ. ಆ ಒಂದು ಕೋಟಿಯಲ್ಲಿ ಸ್ನಾಯುವಿಗೆ ಸಂಬಂಧಿಸಿದ ಜಾಗಗಳು ಯಾವುವೆಂದು ಮಯೋಡಿಗೆ ತಿಳಿಯುವುದು ಹೇಗೆ?

ಉತ್ತರಕ್ಕೆ ಎರಡು ಭಾಗ. ಒಂದು, ಸ್ವಿಚ್ಚುಗಳು ಒಂಟಿ ಪದಗಳಲ್ಲ. ಕೆಲವು ನೂರು ಅಕ್ಷರಗಳ ಒಂದು ತುಣುಕಿನಲ್ಲಿ ಹಲವು ನಿಯಂತ್ರಕಗಳ ಪದಗಳು ಒತ್ತೊತ್ತಾಗಿ ಇರುತ್ತವೆ. ಈ ತುಣುಕಿಗೆ ಎನ್‌ಹ್ಯಾನ್ಸರ್ ಎನ್ನುತ್ತಾರೆ. ಬ್ಯಾಂಕಿನ ಲಾಕರಿಗೆ ನಿಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಹಾಗೆಯೇ ಎನ್‌ಹ್ಯಾನ್ಸರಿಗೆ ಸರಿಯಾದ ಕೂಟ ಸೇರಿದಾಗ ಮಾತ್ರ ಜೀನ್ ತೆರೆಯುತ್ತದೆ. ಎರಡು, ಗ್ರಂಥದ ಬಹುಭಾಗ ಬಿಗಿದು ಕಟ್ಟಿಟ್ಟದ್ದು. ಬಿಡಿಸಿ ಹಿಡಿದರೆ ಎರಡು ಮೀಟರ್ ಉದ್ದವಾಗುವ ಡಿಎನ್‌ಎ, ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಕಿರಿದಾದ ಕೋಶಕೇಂದ್ರದಲ್ಲಿ ಕೂತಿರುತ್ತದೆ. ಸುತ್ತಿದ ಜಾಗವನ್ನು ಹೆಚ್ಚಿನ ನಿಯಂತ್ರಕಗಳು ಓದಲಾರವು. ಫಾಕ್ಸ್‌ಎ, ಗಾಟಾ ಮೊದಲಾದ ಕೆಲವು ಮಾತ್ರ ಸುತ್ತಿದ್ದರೂ ಅಲ್ಲಿಗೆ ಹೋಗಿ ಅಂಟಿಕೊಂಡು ಕಟ್ಟನ್ನು ಸಡಿಲಿಸುತ್ತವೆ. ಇವುಗಳಿಗೆ ಮುಂಚೂಣಿ ನಿಯಂತ್ರಕಗಳೆಂದು ಹೆಸರು. ಇವು ಮೊದಲು ಹೋದ ಕಡೆ ಉಳಿದವು ಆಮೇಲೆ ಹೋಗುತ್ತವೆ. ಹೀಗಾಗಿ ಕೋಶದ ಇಂದಿನ ಓದು ನಿನ್ನೆ ಯಾವ ಕಟ್ಟು ಬಿಚ್ಚಿತ್ತು ಎಂಬುದನ್ನು ಅವಲಂಬಿಸುತ್ತದೆ. ಕೋಶಕ್ಕೊಂದು ಇತಿಹಾಸವಿದೆ ಎಂಬ ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಮೊದಲ ವ್ಯತ್ಯಾಸ ಎಲ್ಲಿಂದ ಬಂತು?

ನಿಯಂತ್ರಕಗಳೇ ಕೋಶಗಳನ್ನು ಬೇರೆ ಬೇರೆ ಮಾಡುತ್ತವೆ ಎಂದಾಯಿತು. ಆದರೆ ನಿಯಂತ್ರಕಗಳನ್ನು ಮಾಡುವುದೂ ಜೀನ್‌ಗಳೇ, ಆ ಜೀನ್‌ಗಳೂ ಎಲ್ಲ ಕೋಶಗಳಲ್ಲಿ ಇವೆ. ಹಾಗಿದ್ದಲ್ಲಿ ಒಂದು ಕೋಶ ಎರಡಾದಾಗ ಅವುಗಳ ನಡುವೆ ಮೊದಲ ಭೇದ ಹುಟ್ಟುವುದು ಹೇಗೆ?

ಹಲವು ಪ್ರಾಣಿಗಳಲ್ಲಿ ಆ ಭೇದವನ್ನು ತಾಯಿಯೇ ಬುತ್ತಿಯಂತೆ ಅಂಡದೊಳಗೆ ಕಟ್ಟಿಕೊಟ್ಟಿರುತ್ತಾಳೆ. 1905ರಲ್ಲಿ ಅಮೆರಿಕದ ಎಡ್ವಿನ್ ಕಾಂಕ್ಲಿನ್ ಸಮುದ್ರದ ಬಂಡೆಗಳಿಗೆ ಅಂಟಿಕೊಂಡು ಬದುಕುವ ಅಸಿಡಿಯನ್ ಎಂಬ ಜೀವಿಯ ಭ್ರೂಣವನ್ನು ಗಮನಿಸುತ್ತಿದ್ದರು. ಫಲಿತ ಅಂಡದ ಒಂದು ಬದಿಯಲ್ಲಿ ಹಳದಿ ಬಣ್ಣದ ಅರ್ಧಚಂದ್ರ ಕಾಣುತ್ತಿತ್ತು. ಕೋಶಗಳು ವಿಭಜಿಸುತ್ತ ಹೋದಂತೆ ಆ ಹಳದಿ ಕೆಲವೇ ಕೋಶಗಳ ಪಾಲಾಯಿತು. ಆ ಕೋಶಗಳೇ ಮರಿಯ ಬಾಲದ ಸ್ನಾಯುಗಳಾದವು. ಬರಿಯ ಸೂಕ್ಷ್ಮದರ್ಶಕದಿಂದ, ಬಣ್ಣವನ್ನೇ ಹಿಂಬಾಲಿಸಿ, ಒಂದು ಕೋಶದ ಹಣೆಬರಹವನ್ನು ಕಣ್ಣಾರೆ ಓದಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಕೆಲಸ.

ಹಳದಿ ಬಣ್ಣವೇ ಸ್ನಾಯು ಮಾಡುವ ವಸ್ತುವಲ್ಲ. ಅಸಲು ವಸ್ತು ಸಿಕ್ಕಿದ್ದು ಸುಮಾರು ಒಂದು ಶತಮಾನದ ಬಳಿಕ. 2001ರಲ್ಲಿ ಜಪಾನಿನ ಹಿರೋಕಿ ನಿಶಿದಾ ಮತ್ತು ಕಾಯಿಚಿರೊ ಸಾವಾದಾ ಇನ್ನೊಂದು ಜಾತಿಯ ಅಸಿಡಿಯನ್‌ನಲ್ಲಿ ಮಾಚೊ-1 ಎಂಬುದನ್ನು ಗುರುತಿಸಿದರು. ಅಂಡದ ಹಿಂಬದಿಯಲ್ಲಿ ತಾಯಿ ಇಟ್ಟುಹೋದ ಆರ್‌ಎನ್‌ಎ ಅದು. ಅದರಿಂದ ತಯಾರಾಗುವುದು ಒಂದು ನಿಯಂತ್ರಕ ಪ್ರೋಟೀನ್. ಮಾಚೊ-1 ಇಲ್ಲದಂತೆ ಮಾಡಿದರೆ ಬಾಲದ ಮುಖ್ಯ ಸ್ನಾಯುಗಳು ಹುಟ್ಟಲಿಲ್ಲ. ಬೇರೆ ಕೋಶಗಳಿಗೆ ಅದನ್ನು ಚುಚ್ಚಿದರೆ ಅಲ್ಲಿಯೂ ಸ್ನಾಯು ಹುಟ್ಟಿತು.

ಕೋಶವೊಂದು ಮುಂದೆ ಏನಾಗಬೇಕೆಂಬುದು ಗೊತ್ತಾಗುವ ಈ ಹಂತಕ್ಕೆ ನಿರ್ದಿಷ್ಟೀಕರಣ ಎನ್ನುತ್ತಾರೆ. ಅದು ಮದುವೆಯ ಮಾತುಕತೆಯ ಹಾಗೆ. ಯಾರೂ ತಡೆಯದಿದ್ದರೆ ಮುಂದುವರಿಯುತ್ತದೆ, ಪರಿಸ್ಥಿತಿ ಬದಲಾದರೆ ಮುರಿಯಲೂಬಹುದು. ಆಮೇಲೆ ಬರುವುದು ನಿರ್ಧಾರ, ಅದು ನಿಶ್ಚಿತಾರ್ಥ. ಕೊನೆಗೆ ಕೋಶ ನಿಜವಾಗಿ ಸ್ನಾಯುವಿನ ನಾರನ್ನೋ ನರದ ತಂತುವನ್ನೋ ಬೆಳೆಸಿಕೊಳ್ಳುವುದು ವಿಭೇದನ, ಧಾರೆ ಎರೆದ ಮೇಲಿನ ಸಂಸಾರ.

ಎಲ್ಲವೂ ತಾಯಿಯ ಬುತ್ತಿಯಿಂದಲೇ ನಡೆಯುವುದಿಲ್ಲ. ಅಕ್ಕಪಕ್ಕದ ಕೋಶಗಳೂ ಮಾತಾಡುತ್ತವೆ. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ ನ್ಯೂಟ್ ಎಂಬ ಉಭಯವಾಸಿಯ ಭ್ರೂಣದ ಒಂದು ಚೂರನ್ನು ಇನ್ನೊಂದು ಭ್ರೂಣದ ಹೊಟ್ಟೆಯ ಭಾಗಕ್ಕೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ಸುತ್ತಲಿನ ಕೋಶಗಳು ತಮ್ಮ ದಾರಿ ಬಿಟ್ಟು ಎರಡನೆಯ ಬೆನ್ನುಹುರಿಯನ್ನೇ ಕಟ್ಟತೊಡಗಿದವು. ನೆರೆಯವರಿಂದ ಬರುವ ಇಂಥ ಸಂಕೇತ ಕೋಶದ ಹೊರಪೊರೆಗೆ ತಟ್ಟಿ, ಒಳಗೆ ಕೈಯಿಂದ ಕೈಗೆ ದಾಟಿ, ಕೊನೆಗೆ ಯಾವುದೋ ನಿಯಂತ್ರಕವನ್ನು ಎಬ್ಬಿಸುತ್ತದೆ ಅಥವಾ ಮಲಗಿಸುತ್ತದೆ. ಸುದ್ದಿ ಎಲ್ಲಿಂದಲೇ ಬರಲಿ, ಮುಟ್ಟುವ ವಿಳಾಸ ಅದೇ.

ನೊಣದ ಮೈಯ ಎರಡನೆಯ ಪಟ್ಟೆ

ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಹಣ್ಣುನೊಣವನ್ನು ಎಲ್ಲರೂ ನೋಡಿದ್ದೇವೆ. ನಿಯಂತ್ರಕಗಳು ಒಂದು ಶರೀರವನ್ನು ಹೇಗೆ ಗೀಟು ಹಾಕಿ ವಿಂಗಡಿಸುತ್ತವೆ ಎಂಬುದು ಈ ನೊಣದಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ತಿಳಿದಿಲ್ಲ. 1980ರ ಸುಮಾರಿಗೆ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷೌಸ್ ಸಾವಿರಾರು ನೊಣ ವಂಶಗಳನ್ನು ಕೆದಕಿ, ಭ್ರೂಣದ ಮೈಕಟ್ಟು ಕೆಡಿಸುವ ಜೀನ್‌ಗಳನ್ನು ಒಂದೊಂದಾಗಿ ಹೆಕ್ಕಿದರು. 1995ರ ನೊಬೆಲ್ ಅವರಿಗೆ, ಎಡ್ವರ್ಡ್ ಲೂಯಿಸ್ ಜೊತೆಗೆ, ಬಂತು.

ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಮೊದಲ ಎರಡು-ಮೂರು ಗಂಟೆ ಅದರಲ್ಲಿ ಕೋಶಕೇಂದ್ರಗಳು ಮಾತ್ರ ವಿಭಜಿಸುತ್ತವೆ, ನಡುವೆ ಗೋಡೆಗಳಿರುವುದಿಲ್ಲ. ಸುಮಾರು 6,000 ಕೇಂದ್ರಗಳು ಒಂದೇ ಹಜಾರದಲ್ಲಿ ಕುಳಿತಂತೆ. ತಾಯಿ ಈ ಹಜಾರದ ಮುಂತುದಿಯಲ್ಲಿ ಬೈಕಾಯ್ಡ್ ಎಂಬ ನಿಯಂತ್ರಕದ ಆರ್‌ಎನ್‌ಎಯನ್ನು ಕಟ್ಟಿಹಾಕಿರುತ್ತಾಳೆ. ಅದರಿಂದ ಹೊರಟ ಪ್ರೋಟೀನ್ ಹಿಂದಕ್ಕೆ ಹರಡುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿದರೆ ಹತ್ತಿರ ಕೂತವನಿಗೆ ಗಾಢ ಪರಿಮಳ, ದೂರದವನಿಗೆ ತೆಳು. ಕಣ್ಣು ಮುಚ್ಚಿದ್ದರೂ ಪರಿಮಳದ ದಟ್ಟಣೆಯಿಂದಲೇ ತಾನು ಎಷ್ಟು ದೂರದಲ್ಲಿದ್ದೇನೆಂದು ಹೇಳಬಹುದು. ಕೋಶಕೇಂದ್ರಗಳು ಮಾಡುವುದೂ ಇದನ್ನೇ. ಬೈಕಾಯ್ಡ್ ದಟ್ಟವಾಗಿರುವಲ್ಲಿ ತಲೆಯ ಜೀನ್‌ಗಳು ತೆರೆಯುತ್ತವೆ, ಇನ್ನೂ ಹಿಂದೆ ಎದೆಯವು. ತಾಯಿಯಲ್ಲಿ ಬೈಕಾಯ್ಡ್ ಜೀನ್ ಕೆಟ್ಟಿದ್ದರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ, ತಲೆಯ ತುದಿಯಲ್ಲಿಯೂ ಬಾಲದ ರಚನೆ ಹುಟ್ಟುತ್ತದೆ. ಈ ಇಳಿಜಾರು ಹಂಚಿಕೆಯನ್ನು 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಡ್ ಅಳೆದು ತೋರಿಸಿದರು.

ತೆಳ್ಳಗಾಗುತ್ತ ಹೋಗುವ ಪರಿಮಳದಿಂದ ಚೂಪಾದ ಗೆರೆ ಎಳೆಯುವುದು ಹೇಗೆ? ಭ್ರೂಣಕ್ಕೆ ಮೂರು ಗಂಟೆ ತುಂಬುವ ಹೊತ್ತಿಗೆ ಈವನ್-ಸ್ಕಿಪ್ಡ್ ಎಂಬ ಜೀನ್ ಏಳು ಪಟ್ಟೆಗಳಲ್ಲಿ, ವಿಭೂತಿ ಬಳಿದಷ್ಟು ಅಚ್ಚುಕಟ್ಟಾಗಿ, ತೆರೆದಿರುತ್ತದೆ. ಪಟ್ಟೆಯೊಳಗಿನ ಕೋಶದಲ್ಲಿ ಜೀನ್ ಮಾತಾಡುತ್ತದೆ, ಕೆಲವೇ ಕೋಶಗಳಾಚೆ ಮೌನ. ಮೈಕಲ್ ಲೆವೀನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಎರಡನೆಯ ಪಟ್ಟೆಯೊಂದನ್ನೇ ಹಿಡಿದು ಕೂತರು. ಆ ಪಟ್ಟೆಗೆಂದೇ ಮೀಸಲಾದ, ಸುಮಾರು 500 ಅಕ್ಷರಗಳ ಎನ್‌ಹ್ಯಾನ್ಸರ್ ಸಿಕ್ಕಿತು. ಅದರಲ್ಲಿ ನಾಲ್ಕು ನಿಯಂತ್ರಕಗಳ ಪದಗಳಿದ್ದವು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎಂಬ ಎರಡು ತೆರೆಯುವವು. ಜಯಂಟ್ ಮತ್ತು ಕ್ರುಪ್ಪೆಲ್ ಎಂಬ ಎರಡು ತಡೆಯುವವು.

ಈಗ ಭ್ರೂಣದ ನಕ್ಷೆ ನೋಡಿ. ತೆರೆಯುವ ಎರಡೂ ಮುಂಭಾಗದಲ್ಲೆಲ್ಲ ಅಗಲವಾಗಿ ಹರಡಿವೆ. ಅವುಗಳ ಮಾತೇ ನಡೆದಿದ್ದರೆ ಪಟ್ಟೆಯ ಬದಲು ದೊಡ್ಡದೊಂದು ಮೆತ್ತು ಬೀಳುತ್ತಿತ್ತು. ಆದರೆ ಪಟ್ಟೆಯ ಮುಂದಿನ ಬದಿಯಲ್ಲಿ ಜಯಂಟ್ ಇದೆ, ಹಿಂದಿನ ಬದಿಯಲ್ಲಿ ಕ್ರುಪ್ಪೆಲ್ ಇದೆ. ಎರಡರ ನಡುವೆ, ಎರಡು ಗದ್ದೆಗಳ ನಡುವಿನ ಬದುವಿನಂತೆ, ಕಿರಿದಾದ ಒಂದು ಜಾಗ ಮಾತ್ರ ಉಳಿಯುತ್ತದೆ. ತೆರೆಯುವವರಿದ್ದು ತಡೆಯುವವರಿಲ್ಲದ ಆ ಬದುವೇ ಎರಡನೆಯ ಪಟ್ಟೆ. ಜಯಂಟ್ ಇಲ್ಲದ ಭ್ರೂಣದಲ್ಲಿ ಪಟ್ಟೆ ಮುಂದಕ್ಕೆ ಚೆಲ್ಲಿಹೋಗುತ್ತದೆ. ಊಹಿಸಿದ್ದಂತೆಯೇ.

ಇದರಲ್ಲಿ ಎರಡು ಸಂಗತಿಗಳು ಅಡಗಿವೆ. ‘ನಾನು ಎರಡನೆಯ ಪಟ್ಟೆ’ ಎಂದು ಹೇಳುವ ಪ್ರೋಟೀನ್ ಯಾವುದೂ ಇಲ್ಲ. ಹೇಳುವುದು ಒಂದು ಕೂಟ: ಇಬ್ಬರ ಹಾಜರಿ, ಇನ್ನಿಬ್ಬರ ಗೈರುಹಾಜರಿ. ಮತ್ತೊಂದು, ಪಟ್ಟೆಗಳೆಲ್ಲಕ್ಕೂ ಒಂದೇ ಸ್ವಿಚ್ ಅಲ್ಲ. ಏಳು ಪಟ್ಟೆಗೆ ಐದು ಬೇರೆ ಬೇರೆ ಎನ್‌ಹ್ಯಾನ್ಸರ್‌ಗಳಿವೆ. ಜೀನ್ ಒಂದೇ, ಪ್ರೋಟೀನ್ ಒಂದೇ. ಅದನ್ನು ಎಲ್ಲಿ ತೆರೆಯಬೇಕೆಂಬ ಸ್ವಿಚ್ಚುಗಳು ಬಿಡಿಬಿಡಿ. ಒಂದನ್ನು ಕೆಡಿಸಿದರೆ ಉಳಿದವು ಕೆಡುವುದಿಲ್ಲ. ಕುಡಗೋಲು ಕಣದ ಚಿಕಿತ್ಸೆ ನಿಂತಿರುವುದು ಈ ಬಿಡಿತನದ ಮೇಲೆಯೇ.

ಹೆಪ್ಪು ಹಾಕಿದ ಹಾಲು

ಬೈಕಾಯ್ಡ್ ಕೆಲವು ಗಂಟೆಗಳಲ್ಲಿ ಕರಗಿಹೋಗುತ್ತದೆ. ಆದರೆ ತಲೆಯಾದದ್ದು ತಲೆಯಾಗಿಯೇ ಉಳಿಯುತ್ತದೆ. ನಮ್ಮ ಸ್ನಾಯುಕೋಶಕ್ಕೆ ಐವತ್ತು ವರ್ಷ ಕಳೆದರೂ ತಾನು ಸ್ನಾಯುವೆಂಬುದು ಮರೆಯುವುದಿಲ್ಲ. ಸುದ್ದಿ ತಂದವನು ಹೋದ ಮೇಲೂ ಸುದ್ದಿ ಉಳಿಯುವುದು ಹೇಗೆ?

ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ 1987ರಲ್ಲಿ ಮಯೋಡಿಯನ್ನು ಹಿಡಿದುಕೊಟ್ಟಿತು. ಇಲಿಯ ಸಂಯೋಜಕ ಅಂಗಾಂಶದ ಕೋಶಗಳು ತಟ್ಟೆಯಲ್ಲಿ ಬೆಳೆಯುತ್ತಿದ್ದವು. ಅವಕ್ಕೆ ಮಯೋಡಿ ಒಂದನ್ನೇ ಕೊಟ್ಟಾಗ ಅವು ಸ್ನಾಯುಕೋಶಗಳಾಗಿ ಬದಲಾದವು. ಮುಂದೆ ವರ್ಣಕ ಕೋಶ, ಕೊಬ್ಬಿನ ಕೋಶ, ಯಕೃತ್ತಿನ ಕೋಶಗಳಲ್ಲಿಯೂ ಸ್ನಾಯುವಿನ ಪ್ರೋಟೀನ್‌ಗಳು ಕಾಣಿಸಿಕೊಂಡವು, ಎಲ್ಲವೂ ಪೂರ್ತಿಯಾಗಿ ಬದಲಾಗದಿದ್ದರೂ.

ಮಯೋಡಿ ಸ್ನಾಯುವಿನ ಜೀನ್‌ಗಳನ್ನು ತೆರೆಯುವುದರ ಜೊತೆಗೆ ತನ್ನದೇ ಜೀನನ್ನೂ ತೆರೆಯಬಲ್ಲದು. ಮನೆಯಲ್ಲಿ ದಿನವೂ ನಡೆಯುವುದು ಇದೇ. ಒಂದು ಚಮಚ ಮೊಸರು ಹಾಲನ್ನು ಮೊಸರು ಮಾಡುತ್ತದೆ. ಆ ಮೊಸರಿನ ಒಂದು ಚಮಚ ಮರುದಿನದ ಹಾಲಿಗೆ ಹೆಪ್ಪಾಗುತ್ತದೆ. ಮೊದಲ ಹೆಪ್ಪನ್ನು ಯಾವ ಮನೆಯಿಂದ ತಂದದ್ದೆಂದು ಯಾರಿಗೂ ನೆನಪಿಲ್ಲ, ಮೊಸರು ಮಾತ್ರ ನಿಂತಿಲ್ಲ. ಕೋಶದ ನೆನಪಿನ ಒಂದು ದೊಡ್ಡ ಪಾಲು ಇಂಥ ಸ್ವಯಂ ಹೆಪ್ಪಿನದು. ಇದರ ಜೊತೆಗೆ ಡಿಎನ್‌ಎ ಮೇಲೆ, ಹಿಸ್ಟೋನ್‌ಗಳ ಮೇಲೆ ಬೀಳುವ ರಾಸಾಯನಿಕ ಗುರುತುಗಳೂ ಬಿಚ್ಚಿದ್ದನ್ನು ಬಿಚ್ಚಿದಂತೆ, ಕಟ್ಟಿದ್ದನ್ನು ಕಟ್ಟಿದಂತೆ ಉಳಿಸಲು ನೆರವಾಗುತ್ತವೆ.

ಮಯೋಡಿಯನ್ನು ಏಕಾಂಗಿ ವೀರನೆಂದು ತಿಳಿಯುವುದು ತಪ್ಪಾಗುತ್ತದೆ. 1992ರಲ್ಲಿ ಮಯೋಡಿ ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿದರೆ ಅವುಗಳಿಗೆ ಸ್ನಾಯುಗಳಿದ್ದವು. ಸಂಬಂಧಿ ನಿಯಂತ್ರಕ ಮಿಫ್5 ಆ ಹೊರೆಯನ್ನು ಹೊತ್ತಿತ್ತು. ಮರುವರ್ಷ ಎರಡನ್ನೂ ತೆಗೆದಾಗ ಹುಟ್ಟಿದ ಮರಿಗಳಲ್ಲಿ ಅಸ್ಥಿಸ್ನಾಯುಗಳೇ ಇರಲಿಲ್ಲ.

ಎರಡು ದಾರಿ ಕೂಡುವಲ್ಲಿ

ನಮ್ಮ ಎಲುಬಿನ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಅಲ್ಲಿ ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಕಾಂಡಕೋಶಗಳ ಸಂತತಿ ಕೆಂಪುಕಣದ ದಾರಿಯನ್ನೋ ಬಿಳಿಕಣದ ದಾರಿಯನ್ನೋ ಹಿಡಿಯಬೇಕು. ಕೆಂಪಿನ ದಾರಿಯ ನಿಯಂತ್ರಕ ಗಾಟಾ1. ಬಿಳಿಯ ಕೆಲವು ಬಗೆಗಳ ದಾರಿಯದು ಪಿಯು.1. ಪ್ರತಿಯೊಂದೂ ತನ್ನನ್ನು ತಾನು ಬೆಳೆಸಿಕೊಳ್ಳುತ್ತದೆ, ಎದುರಿನದನ್ನು ತುಳಿಯುತ್ತದೆ. ಇಬ್ಬರು ಏರುವ ತೊಲೆ ತೂಗಿನಂತೆ, ಒಂದು ಬದಿ ಕೊಂಚ ವಾಲಿದರೂ ಆ ವಾಲಿಕೆ ತಾನಾಗಿ ಹೆಚ್ಚುತ್ತದೆ, ನಡುವೆ ನಿಲ್ಲಲು ಎಡೆಯೇ ಉಳಿಯುವುದಿಲ್ಲ. ಅರ್ಧ ಕೆಂಪು ಅರ್ಧ ಬಿಳಿ ಕೋಶಗಳು ಹುಟ್ಟದಿರಲು ಇದೊಂದು ಕಾರಣ. ಈ ಹಗ್ಗಜಗ್ಗಾಟವೇ ಆಯ್ಕೆಯನ್ನು ಆರಂಭಿಸುತ್ತದೆ ಎಂದು ಬಹುಕಾಲ ಬರೆಯಲಾಗಿತ್ತು. ಜೀವಂತ ಕೋಶಗಳಲ್ಲಿ ಎರಡೂ ಪ್ರೋಟೀನ್‌ಗಳನ್ನು ಹಿಂಬಾಲಿಸಿದ 2016ರ ಒಂದು ಅಧ್ಯಯನ ಅದನ್ನು ಪ್ರಶ್ನಿಸಿತು. ಆರಂಭಿಸುವುದು ಬೇರೇನೋ, ಆದ ಆಯ್ಕೆಯನ್ನು ಗಟ್ಟಿ ಮಾಡುವುದು ಈ ಜೋಡಿ ಎಂಬುದು ಆ ಫಲಿತಾಂಶದ ಸೂಚನೆ.

ಅದೇ ನಿಯಂತ್ರಕ, ಬೇರೆ ಅರ್ಥ

ನೊಣದಲ್ಲಿ ಐಲೆಸ್ ಎಂಬ ಜೀನ್ ಇದೆ. ‘ಕಣ್ಣಿಲ್ಲದ್ದು’ ಎಂದು ಅರ್ಥ, ಆದರೆ ಅದು ಕಣ್ಣು ಮಾಡಿಸುವ ಜೀನ್. ಕೆಟ್ಟಾಗ ಏನು ಕಾಣೆಯಾಗುತ್ತದೋ ಅದರಿಂದಲೇ ನೊಣದ ಜೀನ್‌ಗಳಿಗೆ ಹೆಸರಿಡುವ ರೂಢಿ, ಅದಕ್ಕೇ ಈ ಗೊಂದಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಐಲೆಸ್ ಅನ್ನು ನೊಣದ ಕಾಲು, ರೆಕ್ಕೆ, ಮೀಸೆಗಳಲ್ಲಿ ತೆರೆಯಿತು. ಅಲ್ಲೆಲ್ಲ ಕಣ್ಣುಗಳು ಮೂಡಿದವು. ಬಳಿಕ ಅದೇ ಕುಲದ ಇಲಿಯ ಜೀನ್ ಪ್ಯಾಕ್ಸ್6 ಅನ್ನು ನೊಣಕ್ಕೆ ಹಾಕಿದರು. ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣು. ನಿಯಂತ್ರಕ ‘ಇಲ್ಲಿ ಕಣ್ಣಾಗಲಿ’ ಎಂದಷ್ಟೇ ಹೇಳಿತು. ಎಂಥ ಕಣ್ಣು ಎಂಬುದು ನೊಣದ ಗ್ರಂಥದಲ್ಲಿತ್ತು. ಮನುಷ್ಯರಲ್ಲಿ ಪ್ಯಾಕ್ಸ್6ನ ಒಂದು ಪ್ರತಿ ಕೆಟ್ಟರೆ ಕಣ್ಣಿನ ಬಣ್ಣದ ಪಟಲವೇ ಇಲ್ಲದ ಅಥವಾ ಅರೆಬರೆಯಾಗಿರುವ ಅನಿರಿಡಿಯಾ ಎಂಬ ತೊಂದರೆ ಬರುತ್ತದೆ.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಹಣ್ಣುನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿಯ ಜಾಗದಲ್ಲಿ ಹಾಲ್ಟೇರ್ ಎಂಬ, ಹಾರುವಾಗ ತೋಲ ಕಾಯುವ ಪುಟ್ಟ ಗುಂಡುಗಳಿವೆ. ಯುಬಿಎಕ್ಸ್ ಎಂಬ ನಿಯಂತ್ರಕ ಅಲ್ಲಿದ್ದು ರೆಕ್ಕೆಯನ್ನು ಹಾಲ್ಟೇರ್ ಆಗಿಸುತ್ತದೆ. ಅದನ್ನು ಅಲ್ಲಿಂದ ತೆಗೆದ ಎಡ್ವರ್ಡ್ ಲೂಯಿಸ್‌ಗೆ ನಾಲ್ಕು ರೆಕ್ಕೆಯ ನೊಣ ಸಿಕ್ಕಿತು. ಆದರೆ ರೇಷ್ಮೆ ಪತಂಗ ಮತ್ತು ಜೇನುನೊಣದ ಹಿಂದಿನ ರೆಕ್ಕೆಯಲ್ಲಿಯೂ ಯುಬಿಎಕ್ಸ್ ಇದೆ, ಅಲ್ಲಿ ರೆಕ್ಕೆ ರೆಕ್ಕೆಯಾಗಿಯೇ ಇದೆ. ಒಂದೇ ಪ್ರೋಟೀನ್ ಮೂರು ಕೀಟಗಳಲ್ಲಿ ಬೇರೆ ಬೇರೆ ಜೀನ್‌ಗಳನ್ನು ಹೇಗೆ ಆಳುತ್ತದೆ ಎಂಬುದನ್ನು ಹೋಲಿಸಿ ನೋಡಿದವರಲ್ಲಿ ಎಲ್. ಎಸ್. ಶಶಿಧರ ಅವರ ತಂಡ ಮುಖ್ಯವಾದದ್ದು. ಹೈದರಾಬಾದಿನ ಸಿಸಿಎಂಬಿ, ಪುಣೆಯ ಐಸರ್ ಎಂಬ ಎರಡು ಸಂಶೋಧನಾ ಸಂಸ್ಥೆಗಳಲ್ಲಿ ಅವರು ಹಾಲ್ಟೇರಿನ ಹುಟ್ಟನ್ನು ವರ್ಷಗಟ್ಟಲೆ ಬೆನ್ನಟ್ಟಿದರು.

ನಿಶ್ಚಯವಾದದ್ದನ್ನು ಅಳಿಸಬಹುದೇ ಎಂಬುದಕ್ಕೂ ಉತ್ತರ ಸಿಕ್ಕಿದೆ. ಜಪಾನಿನ ಶಿನ್ಯಾ ಯಮನಾಕಾ ಮತ್ತು ಕಜುತೋಶಿ ತಕಾಹಾಶಿ 24 ಜೀನ್‌ಗಳ ಪಟ್ಟಿ ಮಾಡಿಕೊಂಡು, ಒಂದೊಂದನ್ನೇ ಬಿಟ್ಟು ಪರೀಕ್ಷಿಸುತ್ತ, 2006ರಲ್ಲಿ ನಾಲ್ಕಕ್ಕೆ ಬಂದು ನಿಂತರು: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ನಾಲ್ಕೂ ನಿಯಂತ್ರಕಗಳೇ. ಇಲಿಯ ಚರ್ಮದ ಕೋಶಕ್ಕೆ ಇವನ್ನು ಕೊಟ್ಟರೆ ಕೆಲವು ವಾರಗಳಲ್ಲಿ ಅದು ಭ್ರೂಣದ ಆರಂಭದ ಸ್ಥಿತಿಗೆ ಮರಳಿ, ಮತ್ತೆ ಏನು ಬೇಕಾದರೂ ಆಗಬಲ್ಲ ಕೋಶವಾಗುತ್ತದೆ. ಮರಳುವುದು ಬಹಳ ಸ್ವಲ್ಪ ಪಾಲು ಕೋಶಗಳು ಮಾತ್ರ. ಬಿಗಿದ ಕಟ್ಟುಗಳು ಸುಲಭವಾಗಿ ಬಿಚ್ಚುವುದಿಲ್ಲ. 2012ರ ನೊಬೆಲ್ ಯಮನಾಕಾ ಮತ್ತು ಗರ್ಡನ್ ಇಬ್ಬರಿಗೂ ಒಟ್ಟಿಗೆ ಬಂತು.

ಮತ್ತೆ ಕುಡಗೋಲು ಕಣಕ್ಕೆ

ಗರ್ಭದಲ್ಲಿರುವ ಮಗು ಬೇರೆ ಬಗೆಯ ಹಿಮೋಗ್ಲೋಬಿನ್ ಬಳಸುತ್ತದೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದು ತಕ್ಕದ್ದು. ಹುಟ್ಟಿದ ಕೆಲವು ತಿಂಗಳಲ್ಲಿ ಗರ್ಭದ ಜೀನ್ ಮುಚ್ಚಿ ವಯಸ್ಕರ ಜೀನ್ ತೆರೆಯುತ್ತದೆ. ಕುಡಗೋಲು ಕಣದಲ್ಲಿ ದೋಷವಿರುವುದು ಈ ಎರಡನೆಯದರಲ್ಲಿ. ನ್ಯೂಯಾರ್ಕ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಇದನ್ನು ಗಮನಿಸಿದ್ದರು. ರೋಗದ ಜೀನ್ ಹೊತ್ತ ಹಸುಗೂಸುಗಳು ಮೊದಲ ತಿಂಗಳುಗಳಲ್ಲಿ ಆರೋಗ್ಯವಾಗಿರುವುದು ಗರ್ಭದ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದರಿಂದ ಎಂದು ಅವರು ಸೂಚಿಸಿದರು.

ಗರ್ಭದ ಜೀನನ್ನು ಮುಚ್ಚುವವನು ಯಾರು? 2008ರಲ್ಲಿ ಬಾಸ್ಟನ್‌ನಲ್ಲಿ ವಿಜಯ್ ಶಂಕರನ್ ಮತ್ತು ಸ್ಟುವರ್ಟ್ ಆರ್ಕಿನ್ ಅವರ ತಂಡ ತೋರಿಸಿತು: ಬಿಸಿಎಲ್11ಎ, ಒಂದು ತಡೆಕಾರ ನಿಯಂತ್ರಕ. ಅದನ್ನು ಸುಮ್ಮನಾಗಿಸಿದರೆ ಗರ್ಭದ ಹಿಮೋಗ್ಲೋಬಿನ್ ಮರಳಿ ಬರುತ್ತದೆ, ಕಣಗಳು ಬಾಗುವುದು ಕಡಿಮೆಯಾಗುತ್ತದೆ. ಆದರೆ ಬಿಸಿಎಲ್11ಎ ಜೀನನ್ನೇ ಕತ್ತರಿಸುವಂತಿಲ್ಲ. ರೋಗನಿರೋಧಕ ಪ್ರತಿಕಾಯಗಳನ್ನು ಮಾಡುವ ಬಿ ಲಿಂಫೋಸೈಟ್ ಎಂಬ ಬಿಳಿಕಣಗಳು ರೂಪುಗೊಳ್ಳಲು ಅದೇ ಜೀನ್ ಬೇಕು, ಅವು ಹುಟ್ಟುವುದೂ ಅದೇ ಮಜ್ಜೆಯ ಕಾಂಡಕೋಶದಿಂದ.

ನೊಣದ ಪಟ್ಟೆಯ ಪಾಠ ಇಲ್ಲಿ ಕೈಹಿಡಿಯಿತು. ಬಿಸಿಎಲ್11ಎಗೆ ಕೆಂಪುಕಣದ ದಾರಿಯಲ್ಲಿ ಮಾತ್ರ ದುಡಿಯುವ ಒಂದು ಎನ್‌ಹ್ಯಾನ್ಸರ್ ಇದೆ, ಅದರ ನಡುವೆ ಗಾಟಾ1 ಬಂದು ಕೂರುವ ಪದವಿದೆ. ರೋಗಿಯ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಕತ್ತರಿಯಿಂದ ಆ ಪದವನ್ನು ಕೆಡಿಸುತ್ತಾರೆ. ಕಠಿಣವಾದ ಕೀಮೋಥೆರಪಿಯಿಂದ ಮಜ್ಜೆಯಲ್ಲಿ ಜಾಗ ತೆರವು ಮಾಡಿ, ತಿದ್ದಿದ ಕೋಶಗಳನ್ನು ಮರಳಿ ದೇಹಕ್ಕೆ ಸೇರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿಗೆ ಇದು ಸದ್ಯಕ್ಕೆ ಎಟುಕುವ ಮದ್ದಲ್ಲ ಎಂಬುದನ್ನು ಹೇಳದೆ ಇರಲಾರೆ.

ತಿದ್ದಿದ ಕಾಂಡಕೋಶದ ಸಂತತಿಯೆಲ್ಲವೂ ಆ ಕತ್ತರಿಯ ಗುರುತನ್ನು ಹೊತ್ತೇ ಹುಟ್ಟುತ್ತದೆ. ಕೆಂಪುಕಣವಾಗಲು ಹೊರಟ ಕೋಶದಲ್ಲಿ ಗಾಟಾ1 ತನ್ನ ಪದವನ್ನು ಹುಡುಕುತ್ತದೆ, ಕಾಣುವುದಿಲ್ಲ. ಬಿಸಿಎಲ್11ಎ ತಗ್ಗುತ್ತದೆ, ಗರ್ಭದ ಹಿಮೋಗ್ಲೋಬಿನ್ ಮತ್ತೆ ತುಂಬಿಕೊಳ್ಳುತ್ತದೆ. ಬಿ ಲಿಂಫೋಸೈಟ್‌ಗಳಲ್ಲಿಯೂ ಅದೇ ಗಾಯ ಇದೆ. ಆದರೆ ಅವುಗಳಲ್ಲಿ ಬಿಸಿಎಲ್11ಎ ತೆರೆಯುವುದು ಬೇರೆ ಸ್ವಿಚ್ಚಿನಿಂದ. ಗರಿಯ ಆ ಸಾಲನ್ನು ಅವು ಎಂದೂ ಓದಿರಲಿಲ್ಲ.